ವೆಬ್‌ಮೇಲ್‌ನಲ್ಲಿ ಫೋಲ್ಡರ್ ಮತ್ತು ಜಾಗ: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ರೈಸ್ ಮಿಲ್, ದಲಾಲಿ ಅಂಗಡಿ, ಜೀನ್ಸ್ ಯೂನಿಟ್, ಆಡಿಟರ್ ಆಫೀಸು, ಟ್ರಾನ್ಸ್‌ಪೋರ್ಟ್ ಆಫೀಸುಗಳಿಂದ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸ್ವಂತ ಡೊಮೇನ್ ಇರುವ ಆಫೀಸುಗಳಲ್ಲಿ ಹೆಚ್ಚಾಗಿ ಕಾಣುವುದು ರೌಂಡ್‌ಕ್ಯೂಬ್, ಅಂದರೆ ಬ್ರೌಸರ್‌ನಲ್ಲೇ ಮೇಲ್ ತೆರೆಯುವ ಒಂದು ಪ್ರೋಗ್ರಾಂ. ಹಾಗಾಗಿ ಮೆನು ಹೆಸರುಗಳು ಅದರವೇ. ಜಿಮೇಲ್ ಬೇರೆಯಾಗಿ ನಡೆದುಕೊಳ್ಳುವ ಕಡೆ ಅದನ್ನು ಬೇರೆಯಾಗಿಯೇ ಹೇಳಿದೆ.

## ಮೊದಲ ಹೆಜ್ಜೆ

ವೆಬ್‌ಮೇಲ್ ಅಂದ್ರ ಜಿಮೇಲ್ ಇದ್ದಂಗ ಅಲ್ಲೇನ್ರಿ? ಫೋಲ್ಡರ್ ಅಂದ್ರೂ ಲೇಬಲ್ ಅಂದ್ರೂ ಒಂದೇ ಅಲ್ಲೇನು?

ಒಂದೇ ಅಲ್ಲ. ಜಿಮೇಲ್‌ನ ಲೇಬಲ್ ಎಂದರೆ ಕಾಗದದ ಮೇಲೆ ಅಂಟಿಸಿದ ಚೀಟಿ. ಒಂದೇ ಮೇಲ್‌ಗೆ ನಾಲ್ಕು ಚೀಟಿ ಅಂಟಿಸಿದರೂ ಕಾಗದ ಒಂದೇ, ಅದು ಹಿಡಿಯುವ ಜಾಗವೂ ಒಂದರಷ್ಟೇ. ರೌಂಡ್‌ಕ್ಯೂಬ್‌ನ ಫೋಲ್ಡರ್ ನಿಜವಾದ ಫೈಲು. ಮೇಲ್ ಒಂದರಲ್ಲಿದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ‘ಕಾಪಿ’ ಮಾಡಿ ಎರಡು ಕಡೆ ಇಟ್ಟರೆ ಎರಡರಷ್ಟು ಜಾಗ ಲೆಕ್ಕಕ್ಕೆ ಬೀಳುವುದೇ ಸಾಮಾನ್ಯ.

ಇನ್ನೊಂದು ಮಾತು. ಬ್ರೌಸರ್‌ನಲ್ಲಿ ಕಾಣುವುದು ಬರೀ ಕಿಟಕಿ. ಫೋಲ್ಡರ್, ಮೇಲ್, ಜಾಗ ಮೂರೂ ಸರ್ವರ್‌ನಲ್ಲಿವೆ. ಆಫೀಸಿನ ಕಂಪ್ಯೂಟರ್‌ನಲ್ಲಿ ಅಳಿಸಿದ್ದು ಮಾಲೀಕರ ಮೊಬೈಲ್‌ನಲ್ಲೂ ಹೋಗುತ್ತದೆ.

ಜಾಗ ಎಷ್ಟ್ ತುಂಬೈತಿ ಅಂತ ನೋಡೋದು ಎಲ್ಲಿ?

ಫೋಲ್ಡರ್ ಪಟ್ಟಿಯ ಕೆಳತುದಿಯಲ್ಲಿ ಶೇಕಡಾವಾರು ಗೆರೆ ಇರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಎಷ್ಟರಲ್ಲಿ ಎಷ್ಟು ಎಂದು ಬರುತ್ತದೆ. ಗೆರೆಯೇ ಇಲ್ಲದಿದ್ದರೆ ಸರ್ವರ್ ಕೋಟಾ (ನಿಮಗೆ ಕೊಟ್ಟ ಜಾಗದ ಮಿತಿ) ತಿಳಿಸುತ್ತಿಲ್ಲ ಎಂದರ್ಥ. ಆಗ ಹೋಸ್ಟಿಂಗ್ ಕೊಟ್ಟವರನ್ನೇ ಕೇಳಬೇಕು.

ಜಿಮೇಲ್‌ನ ಉಚಿತ 15 ಜಿಬಿ ಬರೀ ಮೇಲ್‌ಗಲ್ಲ. ಡ್ರೈವ್ ಮತ್ತು ಫೋಟೋಸ್ ಕೂಡ ಅದರಲ್ಲೇ ಪಾಲು ತೆಗೆದುಕೊಳ್ಳುತ್ತವೆ. ಮೇಲ್ ಅಳಿಸಿ ಅಳಿಸಿ ಸುಸ್ತಾದ ಮೇಲೆ ನೋಡಿದರೆ ಜಾಗ ತಿಂದದ್ದು ಮದುವೆಯ ವಿಡಿಯೋ ಆಗಿರುತ್ತದೆ.

ಸೆಂಟ್, ಸೆಂಟ್ ಐಟಮ್ಸ್, ಸೆಂಟ್ ಮೆಸೇಜಸ್ ಅಂತ ಮೂರು ಅದಾವ. ಕಳಿಸಿದ್ದು ಯಾವ್ದ್ರಾಗ ಹುಡುಕ್ಬೇಕು?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಅಕೌಂಟೆಂಟ್ ಔಟ್‌ಲುಕ್‌ನಲ್ಲಿ, ಮಾಲೀಕರು ಐಫೋನ್‌ನಲ್ಲಿ, ಗುಮಾಸ್ತರು ಬ್ರೌಸರ್‌ನಲ್ಲಿ ಒಂದೇ ಖಾತೆ ತೆರೆದಾಗ ಪ್ರತಿಯೊಂದೂ ತನಗೆ ರೂಢಿಯಿದ್ದ ಹೆಸರಿನಲ್ಲಿ ಹೊಸ ಫೋಲ್ಡರ್ ಮಾಡಿಕೊಂಡಿರುತ್ತದೆ. ಯಾವ ಫೋಲ್ಡರ್ ಯಾವ ಕೆಲಸಕ್ಕೆ ಎಂದು ಸರ್ವರ್ ತಾನೇ ಹೇಳುವ ವ್ಯವಸ್ಥೆ ಐಮ್ಯಾಪ್‌ಗೆ (ಮೇಲ್‌ಗಳನ್ನು ಸರ್ವರ್‌ನಲ್ಲೇ ಇಟ್ಟು ಎಲ್ಲ ಕಡೆಯಿಂದ ನೋಡುವ ರೀತಿಗೆ) ಬಂದದ್ದು 2011ರಲ್ಲಿ. ಹಳೆಯ ಸರ್ವರ್ ಆಗಲಿ, ಹಳೆಯ ಪ್ರೋಗ್ರಾಂ ಆಗಲಿ ಅದನ್ನು ಲೆಕ್ಕಕ್ಕಿಡುವುದಿಲ್ಲ.

ಸರಿಪಡಿಸುವುದು ಹೀಗೆ. ಮೊದಲು ಒಂದು ಹೆಸರಿಗೆ ಗಟ್ಟಿಯಾಗಿ. ಬರೀ ‘ಸೆಂಟ್’ ಸಾಕು. ರೌಂಡ್‌ಕ್ಯೂಬ್‌ನಲ್ಲಿ ಸೆಟ್ಟಿಂಗ್ಸ್ > ಪ್ರಿಫರೆನ್ಸಸ್ > ಸ್ಪೆಷಲ್ ಫೋಲ್ಡರ್ಸ್‌ಗೆ ಹೋದರೆ ಡ್ರಾಫ್ಟ್ಸ್, ಸೆಂಟ್, ಜಂಕ್, ಟ್ರ್ಯಾಶ್ ನಾಲ್ಕೂ ಕಾಣುತ್ತವೆ. ಒಂದೊಂದರ ಮುಂದೂ ಸರಿಯಾದ ಫೋಲ್ಡರ್ ಆರಿಸಿ ಸೇವ್ ಒತ್ತಿ. ಐಫೋನ್‌ನಲ್ಲಿ ಆ ಖಾತೆಯ ಅಡ್ವಾನ್ಸ್ಡ್ ಪುಟದಲ್ಲಿ ‘ಮೇಲ್‌ಬಾಕ್ಸ್ ಬಿಹೇವಿಯರ್ಸ್’ ಇದೆ. ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳುವ ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್‌ನ ‘ಕಾಪೀಸ್ ಆ್ಯಂಡ್ ಫೋಲ್ಡರ್ಸ್’. ಅಲ್ಲೂ ಅದೇ ಫೋಲ್ಡರ್ ತೋರಿಸಿ.

ಎಲ್ಲ ಕಡೆ ಬದಲಿಸಿದ ಮೇಲೆಯೇ ಹಳೆಯ ಮೇಲ್‌ಗಳನ್ನು ಸ್ಥಳಾಂತರಿಸಿ. ಮೊದಲೇ ಸ್ಥಳಾಂತರಿಸಿ ಖಾಲಿ ಫೋಲ್ಡರ್ ಅಳಿಸಿದರೆ ಸಂಜೆಯೊಳಗೆ ಔಟ್‌ಲುಕ್ ಅದನ್ನು ಮತ್ತೆ ಹುಟ್ಟಿಸಿರುತ್ತದೆ. ಒಂದು ಸಲಕ್ಕೆ ಐನೂರರ ಮೇಲೆ ಸರಿಸಬೇಡಿ. ನಡುವೆ ಲೈನ್ ಕಡಿದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಉಳಿಯುತ್ತದೆ.

ಸ್ಪೆಷಲ್ ಫೋಲ್ಡರ್ಸ್‌ನಲ್ಲಿ ಸೆಂಟ್ ಮುಂದೆ ಫೋಲ್ಡರ್ ಹೆಸರಿಲ್ಲದೆ ಬರೀ ಗೆರೆ (---) ಇದ್ದರೆ ಕಳಿಸಿದ ಮೇಲ್‌ನ ಪ್ರತಿ ಎಲ್ಲೂ ಉಳಿಯುವುದಿಲ್ಲ. ಟ್ರ್ಯಾಶ್ ಮುಂದೆ ಗೆರೆ ಇದ್ದರೆ ಅಳಿಸಿದ್ದು ಬುಟ್ಟಿಗೆ ಬೀಳದೆ ನೇರವಾಗಿ ಹೋಗಬಹುದು. ಬೇರೇನೂ ನೋಡದಿದ್ದರೂ ಇವೆರಡನ್ನು ಇವತ್ತೇ ನೋಡಿ.

ಫೋಲ್ಡರ್ ಮಾಡೀನಿ, ಮಾಡಿದ್ದು ಖರೆ. ಆದ್ರ ಕಾಣವಲ್ದು!

ಸೆಟ್ಟಿಂಗ್ಸ್ > ಫೋಲ್ಡರ್ಸ್ ತೆರೆಯಿರಿ. ಪ್ರತಿ ಹೆಸರಿನ ಮುಂದೆ ಒಂದು ಸ್ವಿಚ್ ಇದೆ. ಅದೇ ‘ಸಬ್‌ಸ್ಕ್ರೈಬ್’. ಅದು ಆಫ್ ಇದ್ದರೆ ಫೋಲ್ಡರ್ ಸರ್ವರ್‌ನಲ್ಲಿ ಇರುತ್ತದೆ, ಪಟ್ಟಿಯಲ್ಲಿ ಕಾಣುವುದಿಲ್ಲ. ಮೊಬೈಲ್‌ನಲ್ಲೋ ಔಟ್‌ಲುಕ್‌ನಲ್ಲೋ ಮಾಡಿದ ಫೋಲ್ಡರ್‌ಗೆ ಹೀಗಾಗುವುದು ಹೆಚ್ಚು. ಕಾಣದ ಫೋಲ್ಡರ್ ಕೂಡ ಕೋಟಾ ತಿನ್ನುತ್ತದೆ ಎಂಬುದು ನೆನಪಿರಲಿ.

ಬ್ಯಾಸಿಗಿಯೊಳಗ ಕರೆಂಟ್ ಹೋಗ್ತೈತಿ, ಬರ್ದಿದ್ದೆಲ್ಲಾ ಹೋಗ್ತೈತಿ. ತಾನ ಉಳಿಸಿಕೊಳ್ಳೋ ಹಂಗ ಮಾಡಾಕ ಬರ್ತೈತೇನು?

ಬರುತ್ತದೆ. ಪ್ರಿಫರೆನ್ಸಸ್ > ಕಂಪೋಸಿಂಗ್ ಮೆಸೇಜಸ್‌ನಲ್ಲಿ ಡ್ರಾಫ್ಟ್ ತಾನಾಗಿ ಉಳಿಸುವ ಅವಧಿ ಸಾಮಾನ್ಯವಾಗಿ 5 ನಿಮಿಷ ಇರುತ್ತದೆ. ಅದನ್ನು 1 ನಿಮಿಷ ಮಾಡಿ. ಡ್ರಾಫ್ಟ್ಸ್ ಫೋಲ್ಡರ್ ಸರಿಯಾಗಿ ಆರಿಸಿರಬೇಕು, ಬಾಕ್ಸ್‌ನಲ್ಲಿ ಜಾಗವೂ ಇರಬೇಕು.

## ಫೋಲ್ಡರ್ ಜೋಡಿಸುವುದು

ಗಂಗಾವತಿಯಲ್ಲಿ ರೈಸ್ ಮಿಲ್ ಇದೆ. ಹಂಗಾಮಿನ ಪ್ರಕಾರ ಫೋಲ್ಡರ್ ಮಾಡಬೇಕಾ, ವರ್ಷದ ಪ್ರಕಾರ ಮಾಡಬೇಕಾ?

ಆರ್ಥಿಕ ವರ್ಷವನ್ನೇ ಮೇಲಿಡಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತ ನಾಟಿಯಾಗುವುದು ಜನವರಿ ಆಸುಪಾಸಿಗೆ, ಕಟಾವಾಗಿ ಮಿಲ್‌ಗೆ ಬರುವುದು ಏಪ್ರಿಲ್, ಮೇಗೆ. ನಡುವೆ ಮಾರ್ಚ್ 31 ದಾಟಿರುತ್ತದೆ. ‘ಬೇಸಿಗೆ ಭತ್ತ’ ಎಂದು ಒಂದೇ ಫೋಲ್ಡರ್ ಮಾಡಿದರೆ ಗೊಬ್ಬರ, ಮುಂಗಡದ ಮೇಲ್‌ಗಳು ಒಂದು ವರ್ಷಕ್ಕೂ ಖರೀದಿ ಬಿಲ್‌ಗಳು ಇನ್ನೊಂದು ವರ್ಷಕ್ಕೂ ಸೇರಿ, ಆಡಿಟರ್ ಕೇಳಿದಾಗ ಎರಡನ್ನೂ ಬೇರ್ಪಡಿಸುತ್ತ ಕೂರಬೇಕು.

ಮೇಲೆ ‘2025-26’, ಅದರೊಳಗೆ ಖರೀದಿ, ಮಾರಾಟ, ಲಾರಿ, ಬ್ಯಾಂಕ್, ಜಿಎಸ್‌ಟಿ. ಅಷ್ಟು ಸಾಕು. ಕಾಟಾ ಚೀಟಿಯ ಫೋಟೋ, ಇ-ವೇ ಬಿಲ್ ಎರಡೂ ಲಾರಿ ಫೋಲ್ಡರ್‌ಗೇ ಹೋಗಲಿ. ಪಾರ್ಟಿಗೊಂದು ಫೋಲ್ಡರ್ ಮಾಡುವ ಚಟ ಬೇಡ. ಪಾರ್ಟಿಯ ಹೆಸರನ್ನು ಹುಡುಕು ಪೆಟ್ಟಿಗೆಯಲ್ಲಿ ಹಾಕಿದರೆ ಸಿಗುತ್ತದೆ.

ಯಾವ ವರ್ಷದ್ದನ್ನು ಯಾವಾಗ ತೆಗೆಯಬಹುದು ಎಂಬುದೂ ಇದರಿಂದ ಸಲೀಸು. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2025-26ರ ವಾರ್ಷಿಕ ರಿಟರ್ನ್‌ಗೆ 2026ರ ಡಿಸೆಂಬರ್ 31 ಎಂದು ಹಿಡಿದರೆ, ಆ ಫೋಲ್ಡರ್ 2032ರ ಡಿಸೆಂಬರ್ 31ರವರೆಗೆ ಎಲ್ಲಾದರೂ ಒಂದು ಕಡೆ ಇರಬೇಕು. ಸರ್ವರ್‌ನಲ್ಲೇ ಇರಬೇಕೆಂದಿಲ್ಲ. ಕೇಸು, ಅಪೀಲು ನಡೆಯುತ್ತಿದ್ದರೆ ಮುಟ್ಟಲೇಬೇಡಿ.

ಫೋಲ್ಡರ್ ಹೆಸರು ಕನ್ನಡದಲ್ಲಿ ಇಟ್ಟರೆ ತೊಂದರೆ ಆಗುತ್ತಾ?

ಯೂನಿಕೋಡ್ ಕನ್ನಡದಲ್ಲಿ ಬರೆದರೆ ಆಗುವುದಿಲ್ಲ. ಹಳೆಯ ನುಡಿ ಫಾಂಟ್‌ನ ಆಸ್ಕಿ ಅಕ್ಷರದಲ್ಲಿ ಬರೆದರೆ ಆಗುತ್ತದೆ. ಫೋಲ್ಡರ್ ಪಟ್ಟಿಗೆ ಫಾಂಟ್ ಬದಲಿಸುವ ಸೌಲಭ್ಯ ಇರುವುದಿಲ್ಲ, ಹಾಗಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಮಾಡಿಕೊಂಡು ಬರೆಯಿರಿ.

ಉದ್ದದ ವಿಷಯದಲ್ಲಿ ಮಾತ್ರ ಹುಷಾರು. ಐಮ್ಯಾಪ್ ಕನ್ನಡ ಹೆಸರನ್ನು ಇದ್ದ ಹಾಗೆ ಇಡುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ತಿರುಗಿಸುತ್ತದೆ. ‘ಲಾರಿ’ ಎಂಬುದರಲ್ಲಿ ಯೂನಿಕೋಡ್ ಲೆಕ್ಕಕ್ಕೆ ಲ, ದೀರ್ಘ, ರ, ಗುಡಿಸು ಸೇರಿ 4 ಚಿಹ್ನೆ. ಸರ್ವರ್‌ನಲ್ಲಿ ಅದು 13 ಅಕ್ಷರವಾಗುತ್ತದೆ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಅನೇಕ ಸರ್ವರ್‌ಗಳು ಮೇಲಿನ ಫೋಲ್ಡರ್, ಒಳಗಿನ ಫೋಲ್ಡರ್, ಅದರ ಒಳಗಿನದು ಎಲ್ಲವನ್ನೂ ಒಂದೇ ಹೆಸರಾಗಿ ಸೇರಿಸಿ ಇಡುತ್ತವೆ. ಅಂದರೆ ಎಲ್ಲ ಹಂತ ಸೇರಿ ಕನ್ನಡದಲ್ಲಿ ಸಿಗುವುದು ಸುಮಾರು 90 ಚಿಹ್ನೆ, ಕಾಗುಣಿತ ಒತ್ತಕ್ಷರ ಲೆಕ್ಕ ಹಿಡಿದು. ‘ಜಿಲ್ಲಾ ಸಹಕಾರ ಸಂಘಗಳಿಗೆ ಸಂಬಂಧಿಸಿದ ಪತ್ರವ್ಯವಹಾರ’ ಅನ್ನುವಂಥ ಹೆಸರನ್ನು ಮೂರು ಹಂತ ಇಳಿಸಿದರೆ ಫೋಲ್ಡರ್ ಹುಟ್ಟುವುದೇ ಇಲ್ಲ. ‘ಸಹಕಾರ’ ಅಂದರೂ ನಿಮಗೆ ಗೊತ್ತಾಗುತ್ತದಲ್ಲ.

‘ಬಿಲ್ 25.26’ ಅಂತ ಹೆಸರಿಟ್ರ ‘ಬಿಲ್ 25’ ಒಳಗ ‘26’ ಅಂತ ಇನ್ನೊಂದು ಹುಟ್ಟೈತಿ. ಯಾಕ್ರಿ?

ಬಹಳ ಸರ್ವರ್‌ಗಳಲ್ಲಿ ಚುಕ್ಕಿಯೇ ಫೋಲ್ಡರ್ ಮತ್ತು ಒಳಫೋಲ್ಡರ್ ನಡುವಿನ ಗಡಿ. ಇನ್ನು ಕೆಲವಲ್ಲಿ ಓರೆಗೆರೆ. ರೌಂಡ್‌ಕ್ಯೂಬ್ ಅಂಥ ಹೆಸರು ಬೇಡ ಎಂದು ತಡೆಯುತ್ತದೆ. ಬೇರೆ ಪ್ರೋಗ್ರಾಂನಿಂದ ಮಾಡಿದಾಗ ಹೀಗೆ ಒಡೆಯುತ್ತದೆ. ಹೆಸರಿನಲ್ಲಿ ಚುಕ್ಕಿ, ಓರೆಗೆರೆ ಎರಡೂ ಬೇಡ. ಅಡ್ಡಗೆರೆ ಹಾಕಿ.

## ಜಾಗ ತುಂಬಿದಾಗ

ಎರಡು ಸಾವಿರ ಮೇಲ್ ಅಳಿಸೀನಿ, ಗೆರೆ ಒಂದೀಟೂ ಇಳಿದಿಲ್ಲ!

ಅಳಿಸಿದ್ದು ಟ್ರ್ಯಾಶ್‌ಗೆ ಹೋಗಿದೆ. ಟ್ರ್ಯಾಶ್ ಕೂಡ ನಿಮ್ಮ ಕೋಟಾದ ಒಳಗೇ ಇದೆ. ಕಸವನ್ನು ಅಂಗಡಿಯೊಳಗಿನ ಬುಟ್ಟಿಗೆ ಹಾಕಿದಂತೆ ಆಯಿತು, ಬೀದಿಯ ಗಾಡಿಗೆ ಇನ್ನೂ ಹೋಗಿಲ್ಲ. ಟ್ರ್ಯಾಶ್ ತೆರೆದು, ಫೋಲ್ಡರ್ ಪಟ್ಟಿಯ ಮೇಲಿನ ಮೂರು ಚುಕ್ಕಿ ಒತ್ತಿ, ‘ಎಂಪ್ಟಿ’ ಕೊಡಿ.

ಅದಾದರೂ ಇಳಿಯದಿದ್ದರೆ ಪ್ರಿಫರೆನ್ಸಸ್ > ಸರ್ವರ್ ಸೆಟ್ಟಿಂಗ್ಸ್ ನೋಡಿ. ‘ಅಳಿಸುವ ಬದಲು ಗುರುತು ಹಾಕು’ ಎಂಬ ಅರ್ಥದ ‘ಫ್ಲ್ಯಾಗ್ ಫಾರ್ ಡಿಲೀಷನ್’ ಆಯ್ಕೆ ಆನ್ ಇದ್ದರೆ ಮೇಲ್ ಇದ್ದ ಜಾಗದಲ್ಲೇ ಇರುತ್ತದೆ, ಮೇಲೊಂದು ಗುರುತಷ್ಟೇ. ಜೊತೆಗೆ ‘ಅಳಿಸಿದ್ದನ್ನು ತೋರಿಸಬೇಡ’ ಕೂಡ ಆನ್ ಇದ್ದರೆ ಕಣ್ಣಿಗೂ ಕಾಣುವುದಿಲ್ಲ. ಇಂಥ ಫೋಲ್ಡರ್‌ಗೆ ಹೋಗಿ ಅದೇ ಮೂರು ಚುಕ್ಕಿಯಿಂದ ‘ಕಂಪ್ಯಾಕ್ಟ್’ ಕೊಟ್ಟರೆ ಗುರುತು ಬಿದ್ದದ್ದೆಲ್ಲ ನಿಜವಾಗಿ ಹೋಗುತ್ತದೆ. ಮತ್ತೆ ಸಿಗುವುದಿಲ್ಲ, ನೋಡಿಕೊಂಡು ಒತ್ತಿ.

ಬಾಕ್ಸ್ ಫುಲ್ ಅಂತ ಬರ್ಲಿಕತ್ತೈತಿ. ಅಳಸ್ಲಿಕ್ಕೆ ಹೋದ್ರ ಅದಕ್ಕೂ ಎರರ್. ಏನ್ ಮಾಡ್ಬೇಕ್ರಿ?

ಗಾಬರಿ ಬೇಡ, ಇದು ಗಂಟು ಅಷ್ಟೇ. ಟ್ರ್ಯಾಶ್‌ಗೆ ಸರಿಸುವುದು ಎಂದರೆ ಹಳೆಯ ರೀತಿಯಲ್ಲಿ ಮೊದಲು ಅಲ್ಲಿ ಪ್ರತಿ ಮಾಡಿ, ಆಮೇಲೆ ಇಲ್ಲಿ ಅಳಿಸುವುದು. ಪ್ರತಿ ಮಾಡಲು ಜಾಗ ಬೇಕು, ಜಾಗ ಇಲ್ಲ, ಹಾಗಾಗಿ ಅಳಿಸಲೂ ಆಗುವುದಿಲ್ಲ. ಒಂದೇ ಏಟಿಗೆ ಸರಿಸುವ ಆದೇಶ ಐಮ್ಯಾಪ್‌ಗೆ 2013ರಲ್ಲಿ ಸೇರಿತು. ಅದು ಎಲ್ಲ ಸರ್ವರ್‌ಗಳಲ್ಲೂ ಇರುತ್ತದೆ ಎಂದಿಲ್ಲ.

ಈ ಕ್ರಮದಲ್ಲಿ ಮಾಡಿ. ಮೊದಲು ಟ್ರ್ಯಾಶ್ ಎಂಪ್ಟಿ ಮಾಡಿ, ಅದಕ್ಕೆ ಜಾಗ ಬೇಕಿಲ್ಲ. ನಂತರ ಜಂಕ್ ಒಮ್ಮೆ ಕಣ್ಣಾಡಿಸಿ ಎಂಪ್ಟಿ ಮಾಡಿ. ಅಷ್ಟಕ್ಕೆ ಸಾಲದಿದ್ದರೆ ಸೆಂಟ್ ತೆರೆದು, ಗಾತ್ರದ ಪ್ರಕಾರ ಜೋಡಿಸಿ, ಬೇಡದ ದೊಡ್ಡ ಮೇಲ್ ಆರಿಸಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ. ಅದು ಟ್ರ್ಯಾಶ್‌ಗೆ ಹೋಗದೆ ನೇರ ಅಳಿಯುತ್ತದೆ. ಹತ್ತು ಹದಿನೈದು ಎಂಬಿ ಬಿಡುವಾದರೆ ಉಳಿದದ್ದು ಮಾಮೂಲಿಯಂತೆ ನಡೆಯುತ್ತದೆ. ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ‘ಟ್ರ್ಯಾಶ್‌ಗೆ ಸರಿಸಲು ಆಗದಿದ್ದರೆ ಅಳಿಸು’ ಎಂಬ ಆಯ್ಕೆಯೂ ಇದೆ. ಅದನ್ನು ಖಾಯಂ ಆನ್ ಇಡುವುದು ನಮಗೆ ಒಪ್ಪಿಗೆಯಿಲ್ಲ. ಕೈತಪ್ಪಿ ಅಳಿಸಿದ ದಿನ ಬುಟ್ಟಿ ಇರುವುದಿಲ್ಲ.

ಬಾಕ್ಸ್ ತುಂಬಿರುವಾಗ ಮೇಲ್ ಕಳಿಸಿದರೆ ಎರರ್ ಬಂದರೂ ಮೇಲ್ ಹೋಗಿರಬಹುದು. ಕಳಿಸುವುದು ಬೇರೆ, ಸೆಂಟ್‌ನಲ್ಲಿ ಪ್ರತಿ ಇಡುವುದು ಬೇರೆ. ಎರಡನೆಯದು ಮಾತ್ರ ಸೋತಿರುತ್ತದೆ. ಇದು ಗೊತ್ತಿಲ್ಲದೆ ಮತ್ತೆ ಮತ್ತೆ ಒತ್ತಿದರೆ ಪಾರ್ಟಿಗೆ ಒಂದೇ ಕೊಟೇಶನ್ ನಾಲ್ಕು ಸಲ ತಲುಪುತ್ತದೆ.

ತುಂಬಿದ್ದ ಎರಡು ದಿನ ಬರಬೇಕಾಗಿದ್ದ ಮೇಲ್‌ಗಳು ಆಮೇಲೆ ಬರುತ್ತವಾ?

ನಿಮ್ಮ ಸರ್ವರ್ ಏನು ಉತ್ತರ ಕೊಟ್ಟಿತು ಎಂಬುದರ ಮೇಲಿದೆ. 452 ಎಂದಿದ್ದರೆ ‘ಈಗ ಆಗದು, ಆಮೇಲೆ ಬಾ’ ಎಂದು. ಕಳಿಸಿದ ಕಡೆಯ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಕಳಿಸುವ ಸರ್ವರ್ ಪ್ರೋಗ್ರಾಂ ಆದರೆ ಸಾಮಾನ್ಯವಾಗಿ 5 ದಿನ. 552 ಎಂದಿದ್ದರೆ ಆಗಲೇ ವಾಪಸ್ ಹೋಗಿದೆ, ತಾನಾಗಿ ಬರುವುದಿಲ್ಲ. ಕಳಿಸಿದವರಿಗೆ ಬಂದ ವಾಪಸಾತಿ ಮೇಲ್‌ನಲ್ಲಿ ಈ ಸಂಖ್ಯೆ ಇರುತ್ತದೆ, ಓದಿ ಹೇಳಲು ಕೇಳಿ. ಜಿಎಸ್‌ಟಿ ರಿಟರ್ನ್‌ನ 11 ಮತ್ತು 20ನೇ ತಾರೀಕಿಗೆ ಮುಂಚೆ ಒಮ್ಮೆ ಗೆರೆ ನೋಡುವುದು ಒಳ್ಳೆಯದು. ಆ ವಾರವೇ ಆಡಿಟರ್ ಆಫೀಸಿನಿಂದ ಎಕ್ಸೆಲ್‌ಗಳು ಹರಿದು ಬರುತ್ತವೆ.

ಯಾವ ಮೇಲ್ ಜಾಗ ತಿಂದೈತಿ ಅಂತ ಹೆಂಗ್ ಹುಡುಕೋದು?

ಪಟ್ಟಿಯ ಆಯ್ಕೆಗಳಲ್ಲಿ ‘ಸೈಜ್’ ಪ್ರಕಾರ, ದೊಡ್ಡದು ಮೇಲೆ ಎಂದು ಜೋಡಿಸಿ. ಇನ್‌ಬಾಕ್ಸ್‌ಗಿಂತ ಮೊದಲು ಸೆಂಟ್ ನೋಡಿ. ಒಂದೇ ಕ್ಯಾಟಲಾಗನ್ನು ಮೂವತ್ತು ಪಾರ್ಟಿಗೆ ಬೇರೆ ಬೇರೆಯಾಗಿ ಕಳಿಸಿದ್ದರೆ ಮೂವತ್ತು ಪ್ರತಿ ಅಲ್ಲಿ ಕುಳಿತಿರುತ್ತವೆ. ಒಂದು ಇಟ್ಟುಕೊಂಡು ಉಳಿದದ್ದು ತೆಗೆಯಿರಿ.

ಮೇಲ್‌ನ ಮಾತು ಬೇಕು, ಫೈಲ್ ಬೇಡ ಎಂದರೆ ಥಂಡರ್‌ಬರ್ಡ್‌ನಲ್ಲಿ ಅಟ್ಯಾಚ್‌ಮೆಂಟ್ ಮೇಲೆ ಬಲ ಕ್ಲಿಕ್ ಮಾಡಿ, ಕಂಪ್ಯೂಟರ್‌ಗೆ ಉಳಿಸಿಕೊಂಡು, ಮೇಲ್‌ನಿಂದ ಅಷ್ಟನ್ನೇ ಅಳಿಸಬಹುದು.

20 ಎಂಬಿ ಫೈಲ್, ಲಿಮಿಟ್ 25 ಎಂಬಿ. ಆದ್ರೂ ಹೋಗವಲ್ದು ಯಾಕ?

ಮೇಲ್‌ನಲ್ಲಿ ಫೈಲ್ ಇದ್ದ ಹಾಗೆ ಹೋಗುವುದಿಲ್ಲ. ಪ್ರತಿ 3 ಬೈಟ್ 4 ಅಕ್ಷರವಾಗುತ್ತದೆ, ಸಾಲು ಮುಗಿಸುವ ಗುರುತುಗಳೂ ಸೇರುತ್ತವೆ. ಒಟ್ಟು ಸುಮಾರು 37 ಶೇಕಡಾ ಹೆಚ್ಚು. 20 ಎಂಬಿ ಆಗ 27 ದಾಟುತ್ತದೆ. 25ರ ಮಿತಿಯಲ್ಲಿ ಹೋಗುವುದು 18 ಎಂಬಿ ಮಾತ್ರ. ಕೋಟಾದಲ್ಲೂ ಹೀಗೆ ಉಬ್ಬಿದ ಲೆಕ್ಕವೇ ಹಿಡಿಯುವುದು. ಬಳ್ಳಾರಿಯ ಜೀನ್ಸ್ ಯೂನಿಟ್‌ನಿಂದ ವಾಷ್ ಸ್ಯಾಂಪಲ್‌ನ ಫೋಟೋ ಕಳಿಸುವವರು ಮೊಬೈಲ್‌ನ 4, 5 ಎಂಬಿ ಫೋಟೋ ಹಾಗೇ ಹಾಕದೆ ಗಾತ್ರ ಇಳಿಸಿ ಹಾಕಿ. ಬಣ್ಣ ನೋಡಲು ಅರ್ಧ ಎಂಬಿ ಸಾಕು.

ಲಾಗ್‌ಔಟ್ ಆದಾಗ ಟ್ರ್ಯಾಶ್ ತಾನೇ ಖಾಲಿ ಆಗುವ ಹಾಗೆ ಮಾಡಬಹುದಾ?

ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ‘ಕ್ಲಿಯರ್ ಟ್ರ್ಯಾಶ್ ಆನ್ ಲಾಗ್‌ಔಟ್’ ಇದೆ. ಹೊಸ ಆವೃತ್ತಿಗಳಲ್ಲಿ 30, 60, 90 ದಿನ ಹಳೆಯದನ್ನು ಮಾತ್ರ ತೆಗೆ ಎಂದೂ ಹೇಳಬಹುದು. 30 ಇಡಿ. ಲಾಗ್‌ಔಟ್ ಬಟನ್ ಒತ್ತಿದರೆ ಮಾತ್ರ ಇದು ನಡೆಯುತ್ತದೆ, ಬ್ರೌಸರ್ ಮುಚ್ಚಿ ಎದ್ದು ಹೋದರೆ ಇಲ್ಲ. ಜಿಮೇಲ್‌ನಲ್ಲಿ ಟ್ರ್ಯಾಶ್, ಸ್ಪ್ಯಾಮ್ ಎರಡೂ 30 ದಿನಕ್ಕೆ ತಾವೇ ಖಾಲಿಯಾಗುತ್ತವೆ.

ಅಕೌಂಟೆಂಟ್ ಕಂಪ್ಯೂಟರ್‌ನ್ಯಾಗ ಎಲ್ಲಾ ಮೇಲ್ ಅದಾವ, ಮೊಬೈಲ್‌ನ್ಯಾಗ ಇನ್‌ಬಾಕ್ಸ್ ಖಾಲಿ. ಯಾರಾರ ಅಳಿಸ್ಯಾರೇನು?

ಯಾರೂ ಅಳಿಸಿರಲಿಕ್ಕಿಲ್ಲ. ಆ ಕಂಪ್ಯೂಟರ್‌ನಲ್ಲಿ ಖಾತೆ ಪಾಪ್ (ಪಿಒಪಿ) ರೀತಿಯಲ್ಲಿ ಹಾಕಿರಬೇಕು. ಖಾತೆಯ ಸೆಟ್ಟಿಂಗ್‌ನಲ್ಲಿ ಪೋರ್ಟ್ ಸಂಖ್ಯೆ ನೋಡಿ. ಪೋರ್ಟ್ 995 ಅಥವಾ 110 ಇದ್ದರೆ ಪಾಪ್, 993 ಅಥವಾ 143 ಇದ್ದರೆ ಐಮ್ಯಾಪ್. ಪಾಪ್ ಮೇಲ್‌ಗಳನ್ನು ಇಳಿಸಿಕೊಂಡು ಸರ್ವರ್‌ನಿಂದ ತೆಗೆದುಹಾಕಬಲ್ಲದು. ಕೆಲವು ಪ್ರೋಗ್ರಾಂ 14 ದಿನ ಬಿಟ್ಟು ತೆಗೆಯುತ್ತವೆ, ಅದಕ್ಕೇ ಹೊಸದು ಕಂಡು ಹಳೆಯದು ಮಾಯ.

ತಕ್ಷಣ ಆ ಪಾಪ್ ಖಾತೆಯನ್ನು ಅಳಿಸಬೇಡಿ, ಹಳೆಯ ಮೇಲ್‌ಗಳ ಒಂದೇ ಪ್ರತಿ ಅಲ್ಲಿರಬಹುದು. ಮೊದಲು ‘ಸರ್ವರ್‌ನಲ್ಲಿ ಪ್ರತಿ ಬಿಡು’ ಎಂದು ಮಾಡಿ. ಪಕ್ಕದಲ್ಲೇ ಅದೇ ವಿಳಾಸವನ್ನು ಐಮ್ಯಾಪ್‌ನಲ್ಲಿ ಇನ್ನೊಮ್ಮೆ ಸೇರಿಸಿ. ಕೋಟಾ ಸಾಕಷ್ಟಿದೆಯೇ ನೋಡಿಕೊಂಡು, ಹಳೆಯ ಮೇಲ್‌ಗಳನ್ನು ಅದರೊಳಗೆ ಕಾಪಿ ಮಾಡಿ. ವೆಬ್‌ಮೇಲ್‌ನಲ್ಲಿ ಎಣಿಕೆ ತಾಳೆಯಾದ ಮೇಲೆ ಪಾಪ್ ಖಾತೆ ತೆಗೆಯಿರಿ.

ಹಳೆಯ ವರ್ಷದ ಮೇಲ್ ಕಂಪ್ಯೂಟರ್‌ಗೆ ಇಳಿಸಿ ಸರ್ವರ್ ಖಾಲಿ ಮಾಡುವುದು ಹೇಗೆ?

ಥಂಡರ್‌ಬರ್ಡ್‌ನಲ್ಲಿ ಖಾತೆಯನ್ನು ಐಮ್ಯಾಪ್ ಆಗಿ ಹಾಕಿ. ‘ಲೋಕಲ್ ಫೋಲ್ಡರ್ಸ್’ ಅಡಿ ‘2019-20’ ಎಂದು ಮಾಡಿ, ಸರ್ವರ್‌ನ ಫೋಲ್ಡರ್‌ನಿಂದ ಅಲ್ಲಿಗೆ ಕಾಪಿ ಮಾಡಿ. ಮೂವ್ ಬೇಡ, ಕಾಪಿಯೇ. ಎರಡೂ ಕಡೆ ಎಣಿಕೆ ಒಂದೇ ಇದೆಯೇ ನೋಡಿ. ಇಂಟರ್‌ನೆಟ್ ಆಫ್ ಮಾಡಿ, ಅಲ್ಲಲ್ಲಿ ನಾಲ್ಕು ಮೇಲ್‌ನ ಅಟ್ಯಾಚ್‌ಮೆಂಟ್ ತೆರೆದು ನೋಡಿ. ತೆರೆದರೆ ಪ್ರತಿ ನಿಜವಾಗಿ ಇಳಿದಿದೆ. ಆಮೇಲೆ ಥಂಡರ್‌ಬರ್ಡ್ ಮುಚ್ಚಿ ಅದರ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ. ಇಷ್ಟಾದ ಮೇಲೆ ಸರ್ವರ್‌ನಲ್ಲಿ ಅಳಿಸುವುದು. ಬರೀ ಪೆನ್‌ಡ್ರೈವ್ ನಂಬಿ ಆರು ವರ್ಷದ ಲೆಕ್ಕ ಇಡಬೇಡಿ.

## ಸರ್ವರ್ ನೋಡಿಕೊಳ್ಳುವವರಿಗೆ

ಕೆಲವು ಫೋಲ್ಡರ್ ಒಳಗೆ ಸಬ್‌ಫೋಲ್ಡರ್ ಮಾಡಲು ಬಿಡುತ್ತಿಲ್ಲ. ಇನ್ನು ಕೆಲವು ಕಡೆ ಎಲ್ಲವೂ ಇನ್‌ಬಾಕ್ಸ್ ಕೆಳಗೇ ಬರುತ್ತವೆ. ಏನಿದು?

ಮೊದಲನೆಯದಕ್ಕೆ ಕಾರಣ ಎಂಬಾಕ್ಸ್ (mbox) ರೀತಿಯ ಸಂಗ್ರಹ. ಅಲ್ಲಿ ಒಂದು ಫೋಲ್ಡರ್ ಎಂದರೆ ಒಂದೇ ಫೈಲು. ಫೈಲಿನೊಳಗೆ ಇನ್ನೊಂದು ಫೈಲು ಇಡಲಾಗದು, ಹಾಗಾಗಿ ಮೇಲ್ ಇರುವ ಫೋಲ್ಡರ್‌ಗೆ ಮಕ್ಕಳಿಲ್ಲ. ಮೇಲ್‌ಡಿರ್ (Maildir) ರೀತಿಯಲ್ಲಿ ಪ್ರತಿ ಮೇಲ್ ಒಂದು ಫೈಲು, ಈ ತೊಡಕಿಲ್ಲ. ಬದಲಿಗೆ ಫೈಲುಗಳ ಸಂಖ್ಯೆ ಬೆಳೆಯುತ್ತದೆ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಜಿಬಿ ಬಾಕಿಯಿದ್ದರೂ ಐನೋಡ್ (ಫೈಲುಗಳ ಎಣಿಕೆಯ) ಮಿತಿ ಮುಗಿದು ಮೇಲ್ ನಿಲ್ಲುವುದುಂಟು. ಎರಡನೆಯದು ನೇಮ್‌ಸ್ಪೇಸ್‌ನ ಪ್ರಿಫಿಕ್ಸ್, ಅಂದರೆ ಪ್ರತಿ ಫೋಲ್ಡರ್ ಹೆಸರಿನ ಮುಂದೆ ಸರ್ವರ್ ಸೇರಿಸುವ ಪದ, ‘ಇನ್‌ಬಾಕ್ಸ್’ ಎಂದಿರುವುದರಿಂದ. ಅದು ದೋಷವಲ್ಲ. ಬಳಕೆದಾರರು ಇರುವಾಗ ಅದನ್ನು ಬದಲಿಸಿದರೆ ಎಲ್ಲರ ಸಬ್‌ಸ್ಕ್ರಿಪ್ಷನ್, ಫಿಲ್ಟರ್ ಎರಡೂ ತಪ್ಪುತ್ತವೆ.

ಎಲ್ಲಾ ಅಳಿಸಿದ್ರೂ ಕೋಟಾ 96 ಅಂತಾನೇ ತೋರಿಸ್ತೈತಿ.

ಯಾರೋ ಡಿಸ್ಕ್‌ನಿಂದ ಫೈಲುಗಳನ್ನು ನೇರವಾಗಿ ಅಳಿಸಿದ್ದಾರೆ ಅಥವಾ ಬ್ಯಾಕಪ್ ತಂದು ಸುರಿದಿದ್ದಾರೆ. ಕೋಟಾ ಬರೆದಿಟ್ಟ ಲೆಕ್ಕದಿಂದ ಬರುತ್ತದೆ, ಪ್ರತಿ ಸಲ ಎಣಿಸಿ ಅಲ್ಲ. ಐಮ್ಯಾಪ್ ಸರ್ವರ್ ಪ್ರೋಗ್ರಾಂ ಡವ್‌ಕಾಟ್‌ನಲ್ಲಿ ಡವ್ಎಡಿಎಂ ಕೋಟಾ ರೀಕ್ಯಾಲ್ಕ್ (doveadm quota recalc) ಆದೇಶವನ್ನು ಆ ಬಳಕೆದಾರರ ಹೆಸರಿಗೆ ಓಡಿಸಿ. ಮೇಲ್‌ಡಿರ್ ಮಾದರಿಯ ಕೋಟಾ ಇದ್ದರೆ ಮೇಲ್‌ಡಿರ್‌ಸೈಜ್ ಫೈಲ್ ತೆಗೆದರೂ ಮತ್ತೆ ಎಣಿಸಿಕೊಳ್ಳುತ್ತದೆ.

ಬಾಕ್ಸ್ ತುಂಬಿದಾಗ ಅಳಿಸೋಕೆ ಆಗದ ಸಮಸ್ಯೆ ಸರ್ವರ್ ಕಡೆಯಿಂದಲೇ ತಪ್ಪಿಸಬಹುದಾ?

ತಪ್ಪಿಸಬಹುದು. ಡವ್‌ಕಾಟ್‌ನಲ್ಲಿ ಟ್ರ್ಯಾಶ್ ಫೋಲ್ಡರ್‌ಗೆ ಮಾತ್ರ ಮಾಮೂಲಿ ಮಿತಿಯ ಮೇಲೆ 100 ಎಂಬಿ ಹೆಚ್ಚುವರಿ ಕೊಡುವ ಕೋಟಾ ನಿಯಮ ಬರೆಯಿರಿ. ಜೊತೆಗೆ ಟ್ರ್ಯಾಶ್, ಜಂಕ್ ಎರಡಕ್ಕೂ ಆಟೋಎಕ್ಸ್‌ಪಂಜ್ (ಹಳೆಯದನ್ನು ತಾನಾಗಿ ಅಳಿಸುವ ಸೆಟ್ಟಿಂಗ್) 30 ದಿನ ಹಾಕಿ. ಆ 30 ದಿನ ಎಣಿಸುವುದು ಮೇಲ್ ಬಂದ ದಿನದಿಂದಲ್ಲ, ಆ ಫೋಲ್ಡರ್‌ಗೆ ಬಿದ್ದ ದಿನದಿಂದ. ಐದು ವರ್ಷದ ಹಳೆಯ ಮೇಲನ್ನು ಇವತ್ತು ಅಳಿಸಿದರೂ ತಿಂಗಳು ಸಿಗುತ್ತದೆ. ಬಳಕೆದಾರರಿಗೆ ಮೊದಲೇ ತಿಳಿಸಿ. ಟ್ರ್ಯಾಶನ್ನೇ ಹಳೆಯ ಫೈಲುಗಳ ಗೋದಾಮು ಮಾಡಿಕೊಂಡವರು ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ.

ರೌಂಡ್‌ಕ್ಯೂಬ್‌ನಲ್ಲಿ 100 ಎಂಬಿ ಅಂತ ಇಟ್ಟರೂ 2 ಎಂಬಿ ಮೇಲೆ ಅಟ್ಯಾಚ್ ಆಗುತ್ತಿಲ್ಲ.

ದಾರಿಯಲ್ಲಿ ಬಾಗಿಲು ಹಲವು, ಎಲ್ಲಕ್ಕಿಂತ ಕಿರಿದಾದದ್ದೇ ನಿಮ್ಮ ಮಿತಿ. ರೌಂಡ್‌ಕ್ಯೂಬ್ ಓಡುವ ಪಿಎಚ್‌ಪಿಯಲ್ಲಿ ಒಂದು ಫೈಲ್‌ನ ಅಪ್‌ಲೋಡ್ ಮಿತಿ ಮೊದಲಿಗೆ 2 ಎಂಬಿ, ಇಡೀ ಪೋಸ್ಟ್‌ನ ಮಿತಿ 8 ಎಂಬಿ, ಮೆಮೊರಿ ಮಿತಿ 128 ಎಂಬಿ. ಪೋಸ್ಟ್‌ಫಿಕ್ಸ್‌ನ ಮೆಸೇಜ್ ಮಿತಿ 1,02,40,000 ಬೈಟ್. ಮೇಲೆ ಹೇಳಿದ ಉಬ್ಬರ ಕಳೆದರೆ ಅದರಲ್ಲಿ ಹೋಗುವುದು 7 ಎಂಬಿಯಷ್ಟು ಫೈಲ್ ಮಾತ್ರ. 18 ಎಂಬಿ ಫೈಲ್ ಹೋಗಬೇಕೆಂದರೆ ಅಪ್‌ಲೋಡ್ 20, ಪೋಸ್ಟ್ 25, ಪೋಸ್ಟ್‌ಫಿಕ್ಸ್ 2,62,14,400 ಬೈಟ್ ಇಡಿ. ಪೋಸ್ಟ್‌ಫಿಕ್ಸ್‌ನ ಮೆಸೇಜ್ ಮಿತಿ ಅದರ ಮೇಲ್‌ಬಾಕ್ಸ್ ಮಿತಿಯನ್ನು ಮೀರಬಾರದು. ಮೇಲ್‌ಬಾಕ್ಸ್ ಮಿತಿ ಮೊದಲಿಗೆ 5,12,00,000 ಬೈಟ್ ಇರುವುದರಿಂದ ಇಷ್ಟಕ್ಕೆ ಅಡ್ಡಿಯಿಲ್ಲ. ಬದಲಿಸಿದ ಮೇಲೆ ಪಿಎಚ್‌ಪಿ ಸೇವೆಯನ್ನು ಮರುಚಾಲನೆ ಮಾಡಿ, ಪೋಸ್ಟ್‌ಫಿಕ್ಸ್‌ಗೆ ರೀಲೋಡ್ ಕೊಡಿ. ಆಮೇಲೆ 17 ಎಂಬಿಯ ಒಂದು ಫೈಲನ್ನು ನಿಮ್ಮ ವಿಳಾಸಕ್ಕೇ ಕಳಿಸಿ, ಬಂದದ್ದನ್ನು ಇಳಿಸಿ ತೆರೆದು ನೋಡಿ.